ಹೊಣೆ ಮತ್ತು ಮಿತಿ: ಕನ್ನಡ ನಾಡಿನಲ್ಲಿ ಕಾವಲಿನ ಚರಿತ್ರೆ

ಕಳವಾದ ವಸ್ತುವಿಗೆ ಹೊಣೆ ಯಾರು, ದೂರನ್ನು ಯಾರಿಗೆ ಕೊಡಬೇಕು, ಕೊಟ್ಟ ದೂರನ್ನು ಕೇಳುವವರಿಲ್ಲದಿದ್ದರೆ ಮುಂದೇನು, ಹಿಡಿದು ತಂದವನನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಪ್ರಶ್ನೆಗಳು ಇಂದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಪ್ರತಿಯೊಬ್ಬರಿಗೂ ಎದುರಾಗುತ್ತವೆ. ಠಾಣೆ ಎಂಬ ಸಂಸ್ಥೆ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಕನ್ನಡ ನಾಡಿನ ಊರುಗಳು ಇವೇ ಪ್ರಶ್ನೆಗಳಿಗೆ ತಮ್ಮ ಕಾಲದ ಉತ್ತರಗಳನ್ನು ಕಂಡುಕೊಂಡಿದ್ದವು. ಅವುಗಳಲ್ಲಿ ಕೆಲವು ಅಳಿದವು, ಕೆಲವು ರೂಪ ಬದಲಿಸಿ ಈಗಿನ ಕಾನೂನಿನೊಳಗೆ ಉಳಿದವು. ಈ ಚರಿತ್ರೆಯನ್ನು ಹಿಂಬಾಲಿಸಿದರೆ ಎರಡು ಎಳೆಗಳು ಕಾಣುತ್ತವೆ: ಜನರ ಜೀವಕ್ಕೂ ಸೊತ್ತಿಗೂ ಕಾವಲಿನವರು ಉತ್ತರ ಹೇಳಬೇಕೆಂಬ ಹೊಣೆ ಒಂದು, ಆ ಹೊಣೆಯನ್ನು ತೀರಿಸುವ ಭರದಲ್ಲಿ ಅವರು ದಾಟಬಾರದ ಮಿತಿ ಇನ್ನೊಂದು. ಹಳೆಯ ವ್ಯವಸ್ಥೆಯಲ್ಲಿ ಹೊಣೆಯಿತ್ತು, ಮಿತಿ ಗಟ್ಟಿಯಾಗಿರಲಿಲ್ಲ. ವಸಾಹತು ಕಾಲದಲ್ಲಿ ಮಿತಿಗಳು ಬರಹಕ್ಕೆ ಇಳಿದವು, ಆದರೆ ಜನರಿಗೆ ಉತ್ತರಿಸುವ ಹೊಣೆ ಕಳಚಿಹೋಯಿತು. ಇವೆರಡನ್ನೂ ಒಂದೆಡೆ ತರುವ ಪ್ರಯತ್ನ ಸ್ವಾತಂತ್ರ್ಯಾನಂತರದ ಕಾನೂನಿನಲ್ಲಿ ನಡೆದಿದೆ, ಮತ್ತು ಅದು ಫಲಿಸುವುದು ನಾಗರಿಕರು ಆ ಕಾನೂನನ್ನು ಅರಿತು ಬಳಸಿದಾಗ ಮಾತ್ರ.

ಕಳ್ಳನ ಜಾಡು ಮತ್ತು ಊರ ಹೊಣೆ

ಕರ್ನಾಟಕದ ಉದ್ದಗಲಕ್ಕೂ ಸಿಗುವ ವೀರಗಲ್ಲುಗಳು, ಎಂದರೆ ಹೋರಾಡಿ ಮಡಿದವರ ನೆನಪಿಗೆ ನೆಟ್ಟ ಶಿಲ್ಪಸಹಿತ ಕಲ್ಲುಗಳು, ಊರಿನ ರಕ್ಷಣೆಯ ಹಳೆಯ ದಾಖಲೆಗಳೂ ಹೌದು. ದನಗಳ ಮಂದೆಯನ್ನು ಅಪಹರಿಸಲು ನಡೆಯುತ್ತಿದ್ದ ದಾಳಿಗೆ ತುರುಗೋಳು ಎಂಬ ಹೆಸರಿತ್ತು. ಆ ಮಂದೆಯನ್ನು ಮರಳಿಸಲು, ಹೆಂಗಸರ ಮೇಲಾಗುವ ಅತ್ಯಾಚಾರವನ್ನು ತಡೆಯಲು, ಊರು ಸುಲಿಯಲು ಬಂದವರನ್ನು ಎದುರಿಸಲು ಹೋಗಿ ಸತ್ತವರ ಹೆಸರುಗಳು ಈ ಕಲ್ಲುಗಳಲ್ಲಿ ಸಾಲುಸಾಲಾಗಿ ದೊರೆಯುತ್ತವೆ. ಸತ್ತವನ ಮನೆಯವರಿಗೆ ತೆರಿಗೆಯಿಲ್ಲದ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇತ್ತು. ರಕ್ತ ಸುರಿಸಿದ್ದಕ್ಕೆ ಕೊಟ್ಟ ಈ ದತ್ತಿಯನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ರಕ್ಷಣೆಯು ಸಂಬಳದ ನೌಕರಿಯಾಗುವ ಮೊದಲು ಊರವರೇ ಹೊತ್ತ ಕರ್ತವ್ಯವಾಗಿತ್ತೆಂಬುದನ್ನೂ, ಅದರ ನಷ್ಟವನ್ನು ಸಮಾಜ ಹಂಚಿಕೊಳ್ಳುತ್ತಿತ್ತೆಂಬುದನ್ನೂ ಈ ಕಲ್ಲುಗಳು ತೋರಿಸುತ್ತವೆ.

ಈ ಕರ್ತವ್ಯವನ್ನು ಶಾಸ್ತ್ರದ ಭಾಷೆಯಲ್ಲಿ ವಿವರಿಸಿದ ಗ್ರಂಥವೊಂದು ಕನ್ನಡ ನಾಡಿನಲ್ಲಿಯೇ ಹುಟ್ಟಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ಆ ವ್ಯಾಖ್ಯಾನ ಮುಂದೆ ಭಾರತದ ಬಹುಭಾಗದ ನ್ಯಾಯವಿಚಾರಕ್ಕೆ ಆಧಾರವಾಯಿತು. ಕಳ್ಳರು ಒಯ್ದ ಸೊತ್ತನ್ನು ರಾಜನು ಪ್ರಜೆಗೆ ಮರಳಿ ಕೊಡಿಸಬೇಕೆಂದು ಸ್ಮೃತಿ ವಿಧಿಸುತ್ತದೆ. ಊರಿನಲ್ಲಿ ಕೊಲೆಯೋ ಕಳವೋ ನಡೆದು, ಅಪರಾಧಿಯ ಹೆಜ್ಜೆಯ ಜಾಡು ಊರ ಗಡಿಯಿಂದ ಹೊರಗೆ ಹೋದದ್ದು ಕಾಣದಿದ್ದರೆ ಗ್ರಾಮದ ಒಡೆಯನೇ ಅದಕ್ಕೆ ಹೊಣೆ, ಗೋಮಾಳದ ದಾರಿಯಲ್ಲಿ ನಡೆದರೆ ಅದರ ಮೇಲ್ವಿಚಾರಕ ಹೊಣೆ, ಉಳಿದೆಡೆ ಕಳ್ಳರನ್ನು ಹಿಡಿಯಲು ನೇಮಕಗೊಂಡವನು ಹೊಣೆ ಎಂದು ವಿಂಗಡಿಸುತ್ತದೆ. ಹೀಗೆ ಹೊಣೆಗೊಂದು ಗಡಿ ಏರ್ಪಟ್ಟು, ತನ್ನ ಗಡಿಯೊಳಗಿನ ಅಪರಾಧಕ್ಕೆ ಅಲ್ಲಿನ ಕಾವಲಿನವನು ತನ್ನ ಕೈಯಿಂದಲೇ ಬೆಲೆ ತೆರಬೇಕಾಗುತ್ತಿತ್ತು. ಇಂದು ಠಾಣೆಗಳ ಸರಹದ್ದು ಎಂದು ಕರೆಯುವ ಕಲ್ಪನೆಯ ಹಿಂದೆ ಇಂಥ ಗಡಿಯ ಲೆಕ್ಕವಿದೆ, ಆದರೆ ಬೆಲೆ ತೆರುವ ಭಾಗ ಮಾತ್ರ ಈಗ ಉಳಿದಿಲ್ಲ.

ಇದೇ ಹೊಣೆಯ ಇನ್ನೊಂದು ಮುಖವನ್ನು, ಸುಮಾರು ಹತ್ತನೆಯ ಶತಮಾನದ ಗದ್ಯಕೃತಿಯಾದ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಕಾಣಿಸುತ್ತದೆ. ತಳಾರ ಎಂದರೆ ನಗರದ ಕಾವಲಿಗೆ ನೇಮಕಗೊಂಡ ಅಧಿಕಾರಿ. ಅರಮನೆಯ ಹಾರ ಕಳವಾದಾಗ ಗಡುವಿನೊಳಗೆ ಕಳ್ಳನನ್ನು ತರದಿದ್ದರೆ ಕಳ್ಳನಿಗೆ ಸಲ್ಲುವ ಶಿಕ್ಷೆಯನ್ನೇ ನೀನು ಅನುಭವಿಸಬೇಕೆಂದು ಅರಸನು ತಳಾರ ಯಮದಂಡನಿಗೆ ಆಜ್ಞಾಪಿಸುತ್ತಾನೆ. ತಳಾರನು ಶಂಕಿತನೊಬ್ಬನನ್ನು ಹಿಡಿದು, ಅವನ ಬಾಯಿಯಿಂದ ತಪ್ಪೊಪ್ಪಿಗೆ ಹೊರಡಿಸಲು ಬಗೆಬಗೆಯ ಹಿಂಸೆ ಕೊಡುತ್ತಾನೆ. ಕಥೆಯ ಉದ್ದೇಶ ಧಾರ್ಮಿಕವಾದರೂ ಅದರೊಳಗಿನ ತರ್ಕ ಗಮನಾರ್ಹ. ಫಲಿತಾಂಶಕ್ಕೆ ಹೊಣೆ ಹೊರಿಸಿ, ಅದನ್ನು ಪಡೆಯುವ ದಾರಿಗೆ ಮಿತಿ ಹಾಕದೆ ಬಿಟ್ಟರೆ ಹಿಂಸೆಯೇ ತನಿಖೆಯ ಸಾಧನವಾಗುತ್ತದೆ ಎಂಬ ಸಂಗತಿಯನ್ನು ಆ ಕಾಲದ ಓದುಗರು ಸಹಜವೆಂದೇ ಸ್ವೀಕರಿಸಿದ್ದರೆಂದು ತೋರುತ್ತದೆ. ಅದು ಸಹಜವಲ್ಲ, ಅಪರಾಧ ಎಂದು ಒಪ್ಪಿಕೊಳ್ಳಲು ಕಾನೂನಿಗೆ ಒಂಬತ್ತು ಶತಮಾನಗಳು ಬೇಕಾದವು.

ಆಯಗಾರರ ನಡುವೆ ತಳವಾರ

ವಿಜಯನಗರದ ಕಾಲಕ್ಕೆ ಕಾವಲು ಒಂದು ನಿಶ್ಚಿತ ವ್ಯವಸ್ಥೆಯಾಗಿತ್ತು. 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನು, ಟಂಕಸಾಲೆಯ ಎದುರಿಗೆ ನಗರಪಾಲಕನ ಕಚೇರಿ ಇತ್ತೆಂದೂ, ಅದಕ್ಕೆ ಸೇರಿದ 12,000 ಮಂದಿ ಕಾವಲಿನವರ ಸಂಬಳ ವೇಶ್ಯಾವಾಟಿಕೆಗಳ ಮೇಲಿನ ತೆರಿಗೆಯಿಂದ ಬರುತ್ತಿತ್ತೆಂದೂ ಬರೆದಿದ್ದಾನೆ. ಏಳು ಸುತ್ತಿನ ಕೋಟೆಯೊಳಗೆ ನಡೆಯುವ ಪ್ರತಿಯೊಂದು ಸಂಗತಿಯನ್ನು ತಿಳಿದಿರುವುದು, ಕಳೆದುಹೋದ ಮತ್ತು ಕಳವಾದ ಸೊತ್ತನ್ನು ಹುಡುಕಿಕೊಡುವುದು ಅವರ ಕೆಲಸ. ತಪ್ಪಿದರೆ ದಂಡ ತೆರಬೇಕು. ತನ್ನ ಜೊತೆಗಾರನು ಕೊಂಡಿದ್ದ ಗುಲಾಮರು ಓಡಿಹೋದಾಗ ಆ ಕೇರಿಯ ಕಾವಲಿನವರೇ ಅವರ ಬೆಲೆಯನ್ನು ಕೊಟ್ಟರೆಂದು ಅವನು ದಾಖಲಿಸುತ್ತಾನೆ. ಮನುಷ್ಯರನ್ನು ಸೊತ್ತೆಂದು ಎಣಿಸಿದ ಆ ಕಾಲದ ಕ್ರೌರ್ಯವೂ, ನಷ್ಟಕ್ಕೆ ಕಾವಲಿನವರೇ ಪರಿಹಾರ ಕೊಡಬೇಕೆಂಬ ಅದರ ಕಟ್ಟುನಿಟ್ಟೂ ಈ ಒಂದೇ ಪ್ರಸಂಗದಲ್ಲಿ ಸೇರಿವೆ.

ಹಳ್ಳಿಗಳಲ್ಲಿ ಈ ಕೆಲಸ ಆಯಗಾರರ ಪಾಲಿಗೆ ಬಂದಿತ್ತು. ಸುಗ್ಗಿಯ ಹೊತ್ತಿಗೆ ಕಣದಲ್ಲಿ ಪ್ರತಿಯೊಬ್ಬ ರೈತನ ರಾಶಿಯಿಂದ ಸಿಗುವ ಧಾನ್ಯದ ಪಾಲಿಗೆ ಆಯ ಎಂದು ಹೆಸರು. ಆ ಪಾಲಿಗೆ ಪ್ರತಿಯಾಗಿ ಊರಿಗೆ ಸೇವೆ ಸಲ್ಲಿಸುವ ಹನ್ನೆರಡು ಕಸುಬಿನವರು ಆಯಗಾರರು. ಅವರಲ್ಲಿ ಗೌಡನು ಊರಿನ ಮುಖ್ಯಸ್ಥ, ಶಾನುಭೋಗನು ಲೆಕ್ಕ ಬರೆಯುವವನು, ನೀರಗಂಟಿಯು ಕೆರೆ ಕಾಲುವೆಗಳ ನೀರು ಹಂಚುವವನು, ತಳವಾರನು ಊರ ಕಾವಲಿನವನು, ತೋಟಿಯು ಬೆಳೆ ಕಾಯುವವನು ಮತ್ತು ಸುದ್ದಿ ಮುಟ್ಟಿಸುವವನು. ರಾತ್ರಿ ಊರು ಸುತ್ತುವುದು, ಹೊಸಬರು ಬಂದರೆ ಯಾರು, ಎತ್ತ ಹೊರಟವರೆಂದು ವಿಚಾರಿಸಿ ಗೌಡನಿಗೆ ತಿಳಿಸುವುದು, ದಾರಿಹೋಕರನ್ನು ಮುಂದಿನ ಊರ ಗಡಿಯವರೆಗೆ ಕಳುಹಿಸಿಬರುವುದು, ಕಳವಾದರೆ ಜಾಡು ಹಿಡಿದು ನಡೆಯುವುದು ತಳವಾರನ ಕೆಲಸಗಳಾಗಿದ್ದವು. ಅವನ ಬಲ ಆಯುಧದಲ್ಲಿರಲಿಲ್ಲ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾವ ದನ ಯಾರದು, ಯಾರ್ಯಾರ ನಡುವೆ ವೈರ ಎಂಬ ನಿಕಟ ಪರಿಚಯದಲ್ಲಿತ್ತು.

ಆದರೆ ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಣ್ಣಿಸುವುದಕ್ಕೆ ಆಧಾರವಿಲ್ಲ. ಕಾವಲು ವಂಶಪಾರಂಪರ್ಯವಾಗಿತ್ತು ಮತ್ತು ಜಾತಿಗೆ ಕಟ್ಟುಬಿದ್ದಿತ್ತು. ತಳವಾರಿಕೆ ಮತ್ತು ತೋಟಿಕೆಯ ದುಡಿಮೆಯನ್ನು ಹೊತ್ತವರು ಬಹುತೇಕ ಊರುಗಳಲ್ಲಿ ಸಾಮಾಜಿಕ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿದ್ದವರು. ಊರನ್ನೆಲ್ಲ ಕಾಯುವವನಿಗೆ ಊರೊಳಗಿನ ಎಲ್ಲ ಬೀದಿಗಳೂ ತೆರೆದಿರಲಿಲ್ಲ, ಕಳವಿನ ಶಂಕೆ ಬಂದಾಗ ಮೊದಲು ಬೆರಳು ತಿರುಗುತ್ತಿದ್ದುದೂ ದುರ್ಬಲರ ಕಡೆಗೇ. ಗೌಡನ ವಿರುದ್ಧವೇ ದೂರಿದ್ದರೆ ಅದನ್ನು ಹೇಳಿಕೊಳ್ಳಲು ಊರೊಳಗೆ ಇನ್ನೊಂದು ಬಾಗಿಲಿರಲಿಲ್ಲ. ಮೈಸೂರು ಸೀಮೆಯಲ್ಲಿಯೂ ಬಳ್ಳಾರಿಯ ಕಡೆಯಲ್ಲಿಯೂ ಪಾಳೆಯಗಾರರು ಕಾವಲಿನ ಹೆಸರಿನಲ್ಲಿ ಹಣ ಎತ್ತಿದಾಗ, ರಕ್ಷಣೆಗೆ ಕೊಡುವ ಶುಲ್ಕಕ್ಕೂ ಸುಲಿಗೆಗೂ ಇದ್ದ ಅಂತರ ಎಷ್ಟೋ ಕಡೆ ಅಳಿಸಿಹೋಯಿತು.

ಕಂದಾಯ ಮತ್ತು ಕಾವಲು ಒಂದೇ ಕೈಯಲ್ಲಿ

ಮೈಸೂರು ಸಂಸ್ಥಾನದಲ್ಲಿ ಕಂದಾಚಾರ ಎಂಬ ಇಲಾಖೆ ಈ ಕೆಲಸದ ದೊಡ್ಡ ಭಾಗವನ್ನು ನಡೆಸುತ್ತಿತ್ತು. ಕಂದಾಚಾರದ ಜವಾನರು ನಾಡಿನಲ್ಲಿಯೇ ನೆಲೆಸಿದ ಪಡೆಯವರು. 1799ರ ನಂತರ ದಿವಾನ ಪೂರ್ಣಯ್ಯನವರ ಆಡಳಿತದಲ್ಲಿ ಅವರನ್ನು ಕಾವಲು, ಕಂದಾಯ, ಅಂಚೆ ಈ ಮೂರಕ್ಕೂ ಬಳಸಲಾಯಿತು. ತಾಲ್ಲೂಕಿನ ಅಮಲ್ದಾರನು ಕಂದಾಯ ವಸೂಲಿಯ ಜೊತೆಗೆ ಕಳ್ಳರನ್ನು ಹಿಡಿಸುವ ಅಧಿಕಾರವನ್ನೂ ಹೊಂದಿದ್ದನು. ಮದ್ರಾಸ್ ಪ್ರಾಂತ್ಯದಲ್ಲಿ, ಎಂದರೆ ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳೂ ಸೇರಿದ್ದ ಪ್ರದೇಶದಲ್ಲಿ, 1816ರ ಹನ್ನೊಂದನೆಯ ನಿಬಂಧನೆಯು ಊರ ಮುಖ್ಯಸ್ಥನನ್ನು ಗ್ರಾಮದ ಪೊಲೀಸ್ ಅಧಿಕಾರಿಯೆಂದೂ ತಹಶೀಲ್ದಾರನನ್ನು ಅವನ ಮೇಲಧಿಕಾರಿಯೆಂದೂ ಗುರುತಿಸಿತು. ಹೊಸ ಅಧಿಕಾರಿಗಳನ್ನು ಹೇರುವುದಕ್ಕಿಂತ ಹಳೆಯ ಗ್ರಾಮ ವ್ಯವಸ್ಥೆಯನ್ನೇ ಬಳಸುವುದು ಲೇಸೆಂಬ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋನ ನಿಲುವು ಇದರ ಹಿಂದೆ ಇತ್ತು.

ಇದರಿಂದ ಒಂದು ಗಂಭೀರವಾದ ದೋಷ ಬೆಳೆಯಿತು. ತೆರಿಗೆ ಬಾಕಿ ಉಳಿಸಿಕೊಂಡವನಿಂದ ಹಣ ಕಕ್ಕಿಸಬೇಕಾದವನ ಕೈಯಲ್ಲೇ ಜನರನ್ನು ಹಿಡಿದು ಕೂಡಿಡುವ ಅಧಿಕಾರವೂ ಇದ್ದುದರಿಂದ, ಒಂದು ಕೆಲಸದ ಹಿಂಸೆ ಇನ್ನೊಂದಕ್ಕೆ ಹರಡಿತು. ಈ ಬಗೆಯ ದೂರುಗಳನ್ನು ವಿಚಾರಿಸಲು ಮದ್ರಾಸಿನಲ್ಲಿ ನೇಮಕವಾದ ಆಯೋಗವು 1855ರಲ್ಲಿ ಸಲ್ಲಿಸಿದ ವರದಿಯಲ್ಲಿ, ಮನುಷ್ಯನನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಕೈಬೆರಳುಗಳನ್ನು ಮರದ ಪಟ್ಟಿಗಳ ನಡುವೆ ಒತ್ತುವುದು ಮೊದಲಾದ ಹಿಂಸೆಗಳು ಕಂದಾಯ ವಸೂಲಿಯಲ್ಲಿಯೂ ಅಪರಾಧಗಳ ತನಿಖೆಯಲ್ಲಿಯೂ ರೂಢಿಯಲ್ಲಿದ್ದವೆಂದು ಒಪ್ಪಿಕೊಳ್ಳಲಾಯಿತು. ಕಂದಾಯದ ಅಧಿಕಾರವನ್ನೂ ಪೊಲೀಸ್ ಅಧಿಕಾರವನ್ನೂ ಬೇರ್ಪಡಿಸಬೇಕೆಂಬ ವಾದಕ್ಕೆ ಈ ವರದಿ ಬಲ ಕೊಟ್ಟಿತು. ಕಂಪನಿಯ ಆಡಳಿತವು ಹಿಂಸೆಯ ದೋಷವನ್ನು ದೇಶೀಯ ನೌಕರರ ಮೇಲೆ ಹೊರಿಸಲು ಯತ್ನಿಸಿದರೂ, ಭಾರವಾದ ಕಂದಾಯವನ್ನು ಗೊತ್ತುಪಡಿಸಿ ಅದರ ವಸೂಲಿಗೆ ಒತ್ತಡ ಹಾಕಿದ್ದು ಅದೇ ಆಡಳಿತವೆಂಬುದನ್ನು ಚರಿತ್ರೆಕಾರರು ಮರೆಯುವಂತಿಲ್ಲ.

ಸಮವಸ್ತ್ರ, ಠಾಣೆ ಮತ್ತು ಕಾಗದ

1859ರ ಮದ್ರಾಸ್ ಜಿಲ್ಲಾ ಪೊಲೀಸ್ ಕಾಯಿದೆ ಮತ್ತು ಅದರ ಬೆನ್ನಿಗೆ ಬಂದ 1861ರ ಪೊಲೀಸ್ ಕಾಯಿದೆಗಳಿಂದ ಕಾವಲು ಒಂದು ಸರ್ಕಾರಿ ನೌಕರಿಯಾಯಿತು. ಐರ್ಲೆಂಡಿನಲ್ಲಿ ಬ್ರಿಟಿಷರು ಕಟ್ಟಿದ್ದ ಪಡೆ ಇದಕ್ಕೆ ಮಾದರಿಯಾಗಿತ್ತು: ಪ್ರಾಂತ್ಯಕ್ಕೊಬ್ಬ ಇನ್‌ಸ್ಪೆಕ್ಟರ್ ಜನರಲ್, ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟ್, ಅವರ ಕೆಳಗೆ ಠಾಣೆಗಳು, ಠಾಣೆಯಲ್ಲಿ ಸಮವಸ್ತ್ರ ತೊಟ್ಟ ಕಾನ್‌ಸ್ಟೇಬಲ್‌ಗಳು. 1857ರ ದಂಗೆಯ ನೆನಪು ಹಸಿಯಾಗಿದ್ದ ಕಾಲದಲ್ಲಿ ರೂಪುಗೊಂಡ ಈ ಪಡೆ ಜಿಲ್ಲೆಯ ಆಡಳಿತಾಧಿಕಾರಿಗೆ ವಿಧೇಯವಾಗಿತ್ತೇ ಹೊರತು ಊರಿನ ಜನರಿಗೆ ಉತ್ತರಿಸಬೇಕಾಗಿರಲಿಲ್ಲ. ಕಳವಾದ ಸೊತ್ತಿಗೆ ಕಾವಲಿನವನೇ ಬೆಲೆ ತೆರುವ ಹಳೆಯ ನಿಯಮಕ್ಕೆ ಈ ಚೌಕಟ್ಟಿನಲ್ಲಿ ಜಾಗವೇ ಇರಲಿಲ್ಲ.

ಆದರೆ ಇದೇ ವರ್ಷಗಳಲ್ಲಿ ಮಿತಿಗಳೂ ಬರಹಕ್ಕೆ ಬಂದವು. 1861ರ ದಂಡ ಪ್ರಕ್ರಿಯಾ ಸಂಹಿತೆ, ಎಂದರೆ ಅಪರಾಧಗಳ ತನಿಖೆಯೂ ವಿಚಾರಣೆಯೂ ನಡೆಯಬೇಕಾದ ಕ್ರಮವನ್ನು ಹೇಳುವ ಕಾನೂನು, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂದು ವಿಧಿಸಿತು. 1872ರ ಸಾಕ್ಷ್ಯ ಅಧಿನಿಯಮದ 25 ಮತ್ತು 26ನೆಯ ಪ್ರಕರಣಗಳು ಅದನ್ನೇ ಮುಂದುವರಿಸಿದವು. ಯಮದಂಡನಂಥ ತಳಾರರ ವಿಧಾನಕ್ಕೆ ಕಾನೂನಿನ ಉತ್ತರ ಇದು: ಹೊಡೆದು ಹೇಳಿಸಿದ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲವೆಂದಾದರೆ ಹೊಡೆಯುವ ಕಾರಣವೇ ಕುಗ್ಗುತ್ತದೆ ಎಂಬ ನಂಬಿಕೆ. ಪೂರ್ಣವಾಗಿ ಫಲಿಸದ ನಂಬಿಕೆಯಾದರೂ, ಈ ನಿಯಮ ಇಂದಿಗೂ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 23ನೆಯ ಪ್ರಕರಣದಲ್ಲಿ ಜೀವಂತವಾಗಿದೆ. ಬಾಯಿಮಾತಿನ ದೂರನ್ನು ಬರೆದುಕೊಳ್ಳಬೇಕೆಂಬ ನಿಯಮವೂ ಇದೇ ಸಂಹಿತೆಯ ಪರಂಪರೆಯಿಂದ ಬಂತು. ಮುಂದೆ ಅದಕ್ಕೆ ಪ್ರಥಮ ವರ್ತಮಾನ ವರದಿ ಎಂಬ ಹೆಸರು ರೂಢಿಯಾಯಿತು. ಜನಸಾಮಾನ್ಯರು ಎಫ್‌ಐಆರ್ ಎಂದು ಕರೆಯುವುದು ಇದನ್ನೇ. 1902ರಲ್ಲಿ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು ಪೊಲೀಸ್ ಪಡೆಯಲ್ಲಿ ದಕ್ಷತೆಯ ಕೊರತೆಯೂ ಲಂಚವೂ ದಬ್ಬಾಳಿಕೆಯೂ ತುಂಬಿವೆಯೆಂದು ಹೇಳಿದಾಗ, ಬರೆದಿಟ್ಟ ಮಿತಿಗಳಷ್ಟರಿಂದಲೇ ನಡತೆ ಬದಲಾಗುವುದಿಲ್ಲವೆಂಬುದು ಸ್ಪಷ್ಟವಾಯಿತು.

ಹಳ್ಳಿಯ ಕಾವಲು ಈ ಕಾಲದಲ್ಲಿ ಸಂಪೂರ್ಣವಾಗಿ ಅಳಿಯಲಿಲ್ಲ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ 1867ರ ಗ್ರಾಮ ಪೊಲೀಸ್ ಕಾಯಿದೆಯ ಅಡಿಯಲ್ಲಿ ಪೊಲೀಸ್ ಪಾಟೀಲನು, ಎಂದರೆ ಜನರ ಬಾಯಲ್ಲಿ ಪೊಲೀಸ್ ಗೌಡನು, ಕಂದಾಯ ನೋಡಿಕೊಳ್ಳುವ ಮುಲ್ಕಿ ಗೌಡನಿಂದ ಬೇರೆಯಾಗಿ ಕೆಲಸ ಮಾಡುತ್ತಿದ್ದನು. ತಳವಾರರೂ ವಾಲೀಕಾರರೂ ಅವನಿಗೆ ನೆರವಾಗುತ್ತಿದ್ದರು. ಮೈಸೂರಿನಲ್ಲಿ ಪಟೇಲ, ಶಾನುಭೋಗ, ತೋಟಿ, ತಳವಾರರ ಸ್ಥಾನಗಳನ್ನು 1908ರ ಗ್ರಾಮ ಅಧಿಕಾರಗಳ ಕಾಯಿದೆ ಕ್ರಮಬದ್ಧಗೊಳಿಸಿತು.

ಏಕೀಕರಣದ ಬಳಿಕ

1956ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಬಗೆಯ ಪೊಲೀಸ್ ಕಾನೂನುಗಳು ಒಂದೇ ರಾಜ್ಯದಲ್ಲಿ ನಡೆಯುತ್ತಿದ್ದವು. ಅವುಗಳಿಗೆ ಏಕರೂಪ ಕೊಟ್ಟದ್ದು 1963ರ ಪೊಲೀಸ್ ಕಾಯಿದೆ. ಬೆಂಗಳೂರು ನಗರಕ್ಕೆ ಪೊಲೀಸ್ ಕಮಿಷನರ್ ಹುದ್ದೆ ಬಂದದ್ದೂ ಅದೇ ವರ್ಷ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1961ರ ಗ್ರಾಮ ಅಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿಕೆಗಳು ಕೊನೆಗೊಂಡವು. ಹುಟ್ಟಿನಿಂದ ಅಧಿಕಾರವನ್ನೋ ಊಳಿಗವನ್ನೋ ನಿರ್ಧರಿಸುವ ಪದ್ಧತಿ ಗಣರಾಜ್ಯಕ್ಕೆ ಸಲ್ಲದು. ಆದ್ದರಿಂದ ಈ ರದ್ದಿಯಾತಿ ನ್ಯಾಯವಾದದ್ದೇ. ಆದರೆ ಅದರ ಜೊತೆಗೆ ಊರಿನ ಒಳಗುಟ್ಟು ಬಲ್ಲ ಕಾವಲೂ ಹೋಯಿತು, ಮತ್ತು ಹಲವು ಹಳ್ಳಿಗಳಿಗೆ ಒಂದೇ ಆದ ಠಾಣೆ ಮೈಲುಗಳಾಚೆ ಉಳಿಯಿತು. ಸಂವಿಧಾನವು ಪೊಲೀಸ್ ವ್ಯವಸ್ಥೆಯನ್ನು ರಾಜ್ಯದ ವಿಷಯವಾಗಿ ಮಾಡಿ, 20 ಮತ್ತು 22ನೆಯ ವಿಧಿಗಳಲ್ಲಿ ಆರೋಪಿಯ ಹಕ್ಕುಗಳನ್ನು ಕಾದಿಟ್ಟಿತಾದರೂ, ಠಾಣೆಯ ದಿನನಿತ್ಯದ ವ್ಯವಹಾರ ವಸಾಹತು ಕಾಲದ ಚೌಕಟ್ಟಿನಲ್ಲಿಯೇ ಬಹುಕಾಲ ನಡೆಯಿತು.

ಆ ಚೌಕಟ್ಟು ಸಡಿಲವಾದದ್ದು ಹೆಚ್ಚಾಗಿ ಸುಪ್ರೀಂ ಕೋರ್ಟಿನ ತೀರ್ಪುಗಳಿಂದ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ನ್ಯಾಯಾಲಯವು ಬಂಧನದ ವೇಳೆ ಪಾಲಿಸಬೇಕಾದ ಸೂಚನೆಗಳನ್ನು ಕೊಟ್ಟಿತು: ಬಂಧಿಸುವವರು ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಪತ್ರಕ್ಕೆ ಮನೆಯವರೊಬ್ಬರ ಅಥವಾ ಆ ಸ್ಥಳದ ಗಣ್ಯರೊಬ್ಬರ ಸಹಿ ಇರಬೇಕು, ಬಂಧಿತನ ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಬೇಕು, ವೈದ್ಯಕೀಯ ತಪಾಸಣೆ ಆಗಬೇಕು. 2006ರ ಪ್ರಕಾಶ್ ಸಿಂಗ್ ತೀರ್ಪು ಪೊಲೀಸರ ವಿರುದ್ಧದ ದೂರುಗಳನ್ನು ಆಲಿಸುವ ಪ್ರಾಧಿಕಾರಗಳನ್ನು ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ಸ್ಥಾಪಿಸುವಂತೆ ಆದೇಶಿಸಿತು. ಕರ್ನಾಟಕವು 2012ರ ತಿದ್ದುಪಡಿಯ ಮೂಲಕ ಅದಕ್ಕೆ ಕಾಯಿದೆಯ ರೂಪ ಕೊಟ್ಟಿತು. 2013ರ ಲಲಿತಾ ಕುಮಾರಿ ತೀರ್ಪು, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸಾರಿತು. ಸಂಜ್ಞೇಯ ಅಪರಾಧವೆಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಆರಂಭಿಸಬಹುದಾದ ಕಳವು, ದರೋಡೆ, ಅತ್ಯಾಚಾರ, ಕೊಲೆ ಮೊದಲಾದ ಅಪರಾಧ.

ಇಂದಿನ ಪ್ರಶ್ನೆಗಳಿಗೆ ಚರಿತ್ರೆಯ ಉತ್ತರ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ದೀರ್ಘ ಪ್ರಯಾಣದ ಫಲಗಳು ಒಟ್ಟುಗೂಡಿವೆ. ಅಪರಾಧ ನಡೆದ ಸ್ಥಳ ಬೇರೆ ಠಾಣೆಯ ಸರಹದ್ದಿಗೆ ಸೇರಿದ್ದರೂ ಹತ್ತಿರದ ಠಾಣೆ ದೂರನ್ನು ಬರೆದುಕೊಂಡು ಅಲ್ಲಿಗೆ ಕಳುಹಿಸಬೇಕು. ಝೀರೋ ಎಫ್‌ಐಆರ್ ಎಂದು ಕರೆಯುವ ಈ ಕ್ರಮದಿಂದ, ಗಡಿಯ ಲೆಕ್ಕ ಹೇಳಿ ನೊಂದವರನ್ನು ಅಲೆದಾಡಿಸುವುದಕ್ಕೆ ಅವಕಾಶವಿಲ್ಲ. ದೂರನ್ನು ಬಾಯಲ್ಲಿ ಹೇಳಬಹುದು, ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಂಡ ಬಳಿಕವೇ ಸಹಿ ಹಾಕಬೇಕು, ಅದರ ಪ್ರತಿಯನ್ನು ಶುಲ್ಕವಿಲ್ಲದೆ ಪಡೆಯಬೇಕು. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದ ದೂರಿಗೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಮೂರರಿಂದ ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಮೇಲಧಿಕಾರಿಯ ಅನುಮತಿಯೊಂದಿಗೆ, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ಠಾಣೆ ದೂರನ್ನು ನಿರಾಕರಿಸಿದರೆ ಅದರ ಸಾರಾಂಶವನ್ನು ಅಂಚೆಯಲ್ಲಿ ಜಿಲ್ಲಾ ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು, ಅಲ್ಲಿಯೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಗೌಡನ ಮನೆಯ ಬಾಗಿಲೊಂದೇ ಇದ್ದ ಕಾಲಕ್ಕೂ ಇಂದಿಗೂ ಇರುವ ಮುಖ್ಯ ವ್ಯತ್ಯಾಸ ಈ ಎರಡನೆಯ, ಮೂರನೆಯ ಬಾಗಿಲುಗಳು.

ಮಿತಿಗಳೂ ಹೀಗೆಯೇ ಸ್ಪಷ್ಟವಾಗಿವೆ. ಬಂಧಿತನನ್ನು ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಾಕ್ಷಿಯಾಗಿ ವಿಚಾರಿಸಬೇಕಾದ ಹೆಂಗಸರನ್ನು, 15 ವರ್ಷದೊಳಗಿನ ಮತ್ತು 60 ವರ್ಷ ಮೀರಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬರುವಂತೆ ಒತ್ತಾಯಿಸದೆ ಅವರ ಮನೆಯಲ್ಲಿಯೇ ವಿಚಾರಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸಬಾರದು. ಅಸಾಧಾರಣ ಸಂದರ್ಭಗಳಲ್ಲಿಯೂ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದ ಮಹಿಳಾ ಅಧಿಕಾರಿಯೇ ಆ ಕ್ರಮ ಕೈಗೊಳ್ಳಬೇಕು. ಕಾಣೆಯಾದವರ ಬಗ್ಗೆ ದೂರು ಕೊಡಲು ಒಂದು ದಿನ ಕಾಯಬೇಕೆಂಬ ನಂಬಿಕೆ ಜನರಲ್ಲಿ ಬೇರೂರಿದೆಯಾದರೂ ಅಂಥ ನಿಯಮ ಕಾನೂನಿನಲ್ಲಿಲ್ಲ. ಮಕ್ಕಳ ವಿಷಯದಲ್ಲಂತೂ ತಡಮಾಡದೆ ಠಾಣೆಗೆ ಹೋಗುವುದೇ ಸರಿ.

ಅಪರಾಧದ ಸ್ವರೂಪ ಬದಲಾದಂತೆ ಕಾವಲಿನ ರೂಪವೂ ಬದಲಾಗಿದೆ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಠಾಣೆ ಆರಂಭವಾಯಿತು. ಜಾಲದಲ್ಲಿ ನಡೆಯುವ ಕಳ್ಳತನಕ್ಕೆ ನೆಲದ ಮೇಲಿನ ಜಾಡಿಲ್ಲ, ಬ್ಯಾಂಕ್ ಖಾತೆಯಿಂದ ಖಾತೆಗೆ ಹರಿದ ಹಣದ ಜಾಡು ಮಾತ್ರ ಇರುತ್ತದೆ. ಆದ್ದರಿಂದ ಮೋಸ ತಿಳಿದ ಕೂಡಲೇ 1930 ಸಂಖ್ಯೆಗೆ ಕರೆಮಾಡುವುದರ ಮೇಲೆ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ನಿಂತಿದೆ. ವೀಡಿಯೊ ಕರೆಯಲ್ಲಿ ಪೊಲೀಸ್ ವೇಷ ಧರಿಸಿ, ನಿಮ್ಮನ್ನು ಬಂಧಿಸಲಾಗಿದೆ, ಹಣ ಕಳುಹಿಸಿ ಎನ್ನುವವರು ವಂಚಕರೇ; ಡಿಜಿಟಲ್ ಅರೆಸ್ಟ್ ಎಂಬ ಕ್ರಮ ಯಾವ ಕಾನೂನಿನಲ್ಲಿಯೂ ಇಲ್ಲ. ಬಂಧನಕ್ಕೆ ಪತ್ರ, ಸಾಕ್ಷಿ, ಸಂಬಂಧಿಕರಿಗೆ ಸೂಚನೆ ಇವೆಲ್ಲ ಅಗತ್ಯವೆಂದು ತಿಳಿದವರನ್ನು ಇಂಥ ಬೆದರಿಕೆ ಸುಲಭವಾಗಿ ಮಣಿಸಲಾರದು. ಜೀವಕ್ಕೆ ಅಪಾಯವಿರುವ ಯಾವುದೇ ಹೊತ್ತಿನಲ್ಲಿ 112ಕ್ಕೆ ಕರೆಮಾಡಬಹುದು.

ಕಳೆದುಹೋದ ಪರಿಚಯವನ್ನು ಮರಳಿ ಗಳಿಸುವ ಪ್ರಯತ್ನವೂ ನಡೆದಿದೆ. 2017ರಲ್ಲಿ ಕರ್ನಾಟಕದಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆಯು ಠಾಣೆಯ ಸರಹದ್ದನ್ನು ಸಣ್ಣ ಭಾಗಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿ, ಅಲ್ಲಿನ ನಿವಾಸಿಗಳನ್ನೂ ಜೊತೆಗೂಡಿಸಿಕೊಂಡಿತು. ತನ್ನ ಬೀದಿಯ ಬೀಟ್ ಪೊಲೀಸರ ಹೆಸರನ್ನು ತಿಳಿದಿರುವುದು, ಹಲವು ದಿನ ಮನೆಗೆ ಬೀಗ ಹಾಕಿ ಹೋಗುವಾಗ ನಂಬಿಕೆಯ ನೆರೆಯವರಿಗೂ ಠಾಣೆಗೂ ತಿಳಿಸುವುದು, ಬಾಡಿಗೆದಾರರ ಗುರುತನ್ನು ಖಚಿತಪಡಿಸಿಕೊಳ್ಳುವುದು ನಾಗರಿಕರ ಕಡೆಯಿಂದ ಈ ಪರಿಚಯಕ್ಕೆ ಸಲ್ಲಬೇಕಾದ ಪಾಲು. ಆದರೆ ಹೊಸಬರನ್ನೆಲ್ಲ, ಬಡವರನ್ನೆಲ್ಲ, ಅನ್ಯ ಭಾಷೆಯವರನ್ನೆಲ್ಲ ಶಂಕಿಸುವ ಹಳೆಯ ರೂಢಿ ಅದರ ಜೊತೆಗೆ ಮರಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಕನ್ನಡ ನಾಡಿನ ಕಾವಲಿನ ಚರಿತ್ರೆ ಕಲಿಸುವ ಪಾಠ ಇಷ್ಟು: ಹೊಣೆಯಿಲ್ಲದ ಅಧಿಕಾರ ಜನರಿಂದ ದೂರವಾಗುತ್ತದೆ, ಮಿತಿಯಿಲ್ಲದ ಹೊಣೆ ಹಿಂಸೆಗೆ ತಿರುಗುತ್ತದೆ. ಬರೆದುಕೊಂಡ ದೂರು, ಅದರ ಪ್ರತಿ, ಬಂಧನದ ಪತ್ರ, 24 ಗಂಟೆಗಳ ಗಡುವು ಇವು ಗುಮಾಸ್ತಿಕೆಯ ಔಪಚಾರಿಕತೆಗಳಂತೆ ತೋರಿದರೂ, ಒಂದೊಂದರ ಹಿಂದೆ ನೊಂದ ಜನರ ದೀರ್ಘ ಅನುಭವವಿದೆ. ದೂರಿನ ಪ್ರತಿಯನ್ನು ಕೇಳಿ ಪಡೆಯುವ ನಾಗರಿಕನೂ, ಕೇಳುವ ಮೊದಲೇ ಅದನ್ನು ಕೊಡುವ ಪೊಲೀಸ್ ಸಿಬ್ಬಂದಿಯೂ ಒಂದೇ ಕೆಲಸವನ್ನು ಮಾಡುತ್ತಿರುತ್ತಾರೆ. ಒಂದು ಕಾಲದಲ್ಲಿ ದಂಡದ ಭಯದಿಂದ ನಡೆಯುತ್ತಿದ್ದ ಕಾವಲನ್ನು ಕಾನೂನಿನ ಮೇಲಿನ ವಿಶ್ವಾಸದಿಂದ ನಡೆಯುವಂತೆ ಮಾಡುವ ಕೆಲಸ ಅದು.